ಮುಂಗಡ ಕೊಟ್ಟವನ ಹೆಸರೇನು?

ದೀಪಾವಳಿ ಮುಗಿಯಿತೆಂದರೆ ಯಾದಗಿರಿ, ರಾಯಚೂರು, ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಗುಳೆಯ ಮಾತು ಶುರು. ಸಂಜೆ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಸುತ್ತ ಜೋಳದ ಚೀಲ, ಪ್ಲಾಸ್ಟಿಕ್ ಕೊಡ, ಕೌದಿಯಲ್ಲಿ ಸುತ್ತಿ ಕಟ್ಟಿದ ಪಾತ್ರೆಗಳು ಜಮೆಯಾಗುತ್ತವೆ. ಶಾಲೆಯ ಸಮವಸ್ತ್ರದಲ್ಲೇ ಇರುವ ಹುಡುಗನೊಬ್ಬ ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿರುತ್ತಾನೆ. ಗಾಡಿ ಬರುವುದು ಕತ್ತಲಾದ ಮೇಲೆ. ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ‘ಬೆಂಗಳೂರ ಕಡಿಗಿ’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಎಲ್ಲಿ, ಯಾರ ಹತ್ತಿರ ಕೆಲಸ ಎಂದರೆ ‘ಎಲ್ಲಾ ಮೇಸ್ತ್ರಿ ನೋಡ್ಕೊತಾನ್ರಿ’. ಆ ಮೇಸ್ತ್ರಿ ಯಾರು? ‘ನಮ್ಮ ಬೀಗರ ಊರಾಂವ.’

ಮುಂಗಡ ಆಗಲೇ ಕೈಗೆ ಬಂದು ಕೈಬಿಟ್ಟೂ ಹೋಗಿರುತ್ತದೆ. ಅರ್ಧ ಹಳೆಯ ಸಾಲಕ್ಕೆ, ಮಿಕ್ಕದ್ದು ಆಸ್ಪತ್ರೆಗೋ ಅಕ್ಕನ ಮದುವೆಗೋ. ಹೀಗೆ ಹೋದವರಲ್ಲಿ ಬಹಳಷ್ಟು ಮಂದಿ ಮುಂಗಾರು ಹಿಡಿಯುವ ಮುಂಚೆ ನಾಲ್ಕು ಕಾಸು ಉಳಿಸಿಕೊಂಡು ಮರಳುತ್ತಾರೆ. ಆದರೆ ಕೆಲವರ ಫೋನು ಹದಿನೈದು ದಿನದಲ್ಲಿ ಸ್ವಿಚ್ ಆಫ್ ಆಗಿಬಿಡುತ್ತದೆ. ಇಟ್ಟಿಗೆ ಗೂಡಿನ ಶೆಡ್ಡಿನಲ್ಲೋ ಶುಂಠಿ ಹೊಲದ ಗುಡಿಸಿಲಿನಲ್ಲೋ ಅವರು ಇರುತ್ತಾರೆ. ಮುಂಗಡ ತೀರುವ ತನಕ ಹೊರಗೆ ಕಾಲಿಡುವಂತಿಲ್ಲ. ಲೆಕ್ಕದ ಪುಸ್ತಕ ಮಾಲೀಕನ ಕೈಯಲ್ಲಿರುವುದರಿಂದ ಆ ಮುಂಗಡ ತೀರುವುದೂ ಇಲ್ಲ.

ಮಾನವ ಕಳ್ಳಸಾಗಣೆ ಎಂದ ಕೂಡಲೇ ನಮಗೆ ಸಿನಿಮಾ ನೆನಪಾಗುತ್ತದೆ. ಕಪ್ಪು ವ್ಯಾನು, ಬಾಯಿಗೆ ಒತ್ತಿದ ಕರವಸ್ತ್ರ, ಮುಖ ಮುಚ್ಚಿಕೊಂಡ ಅಪರಿಚಿತ. ನಿಜ ಜೀವನದಲ್ಲಿ ಅದು ಬಹುಪಾಲು ಗುರುತಿನವರಿಂದಲೇ ಶುರುವಾಗುತ್ತದೆ. ದೂರದ ಚಿಕ್ಕಪ್ಪ, ಪಕ್ಕದ ಓಣಿಯ ಅಕ್ಕ, ಒಳ್ಳೆಯ ಸಂಬಂಧ ತಂದೆನೆಂದು ಬರುವ ದಲ್ಲಾಳಿ. ಹಾಗಾಗಿ ಪೊಲೀಸರು ಎಷ್ಟೇ ಚುರುಕಾಗಿದ್ದರೂ ಅವರು ಬರುವುದು ಕೊನೆಗೆ. ಗಾಡಿ ಹತ್ತುವ ಮೊದಲೇ ನೋಡಬಲ್ಲ ಕಣ್ಣುಗಳು ಊರಲ್ಲಿರುತ್ತವೆ. ಆ ಕಣ್ಣುಗಳಿಗೆ ಏನನ್ನು ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು ಎಂದು ಹೇಳಿಕೊಡುವ ಕೆಲಸ ಸದ್ದಿಲ್ಲದೆ ನಡೆಯುತ್ತಿದೆ. ಅದು ಎಲ್ಲಿ ಫಲ ಕೊಡುತ್ತಿದೆ, ಎಲ್ಲಿ ಹುಸಿಹೋಗುತ್ತಿದೆ ಎಂಬುದನ್ನು ನಾವೆಲ್ಲ ತಿಳಿದಿರಬೇಕು.

ಒಪ್ಪಿ ಹೋದರೂ ಅಪರಾಧವೇ

ಕಾನೂನು ಇಲ್ಲಿ ಮೂರು ಸಂಗತಿ ನೋಡುತ್ತದೆ. ಒಬ್ಬರನ್ನು ಕೆಲಸಕ್ಕೆ ಗೊತ್ತುಮಾಡಿದರೋ, ಸಾಗಿಸಿದರೋ, ಇರಿಸಿಕೊಂಡರೋ ಎಂಬುದು ಮೊದಲನೆಯದು. ಅದಕ್ಕೆ ಬೆದರಿಕೆ, ಬಲವಂತ, ಮೋಸ, ಆಮಿಷ ಅಥವಾ ಅಧಿಕಾರದ ದುರ್ಬಳಕೆ ಇತ್ತೇ ಎಂಬುದು ಎರಡನೆಯದು. ಉದ್ದೇಶ ಶೋಷಣೆಯೇ ಎಂಬುದು ಮೂರನೆಯದು. 2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಪಲೆರ್ಮೊ ಒಪ್ಪಂದದ ಚೌಕಟ್ಟು ಇದೇ. ಭಾರತ ಅದನ್ನು 2011ರಲ್ಲಿ ಅನುಮೋದಿಸಿತು. ದೆಹಲಿಯ ಅತ್ಯಾಚಾರ ಪ್ರಕರಣದ ಬಳಿಕ, ನ್ಯಾಯಮೂರ್ತಿ ವರ್ಮಾ ಸಮಿತಿಯ ಶಿಫಾರಸಿನಂತೆ 2013ರಲ್ಲಿ ಐಪಿಸಿಯ 370ನೇ ಸೆಕ್ಷನ್ ಹೊಸ ರೂಪ ಪಡೆಯಿತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಇದೆ. ಭಿಕ್ಷಾಟನೆಗೆ ಹಚ್ಚುವುದೂ ಶೋಷಣೆ ಎಂದು ಅದರಲ್ಲಿ ಸೇರಿಕೊಂಡಿದೆ.

ಶಿಕ್ಷೆ 7ರಿಂದ 10 ವರ್ಷ. ಸಾಗಿಸಿದ್ದು ಮಗುವನ್ನಾದರೆ ಕನಿಷ್ಠ 10 ವರ್ಷ, ಜೀವಾವಧಿಯೂ ಆಗಬಹುದು. ಸರ್ಕಾರಿ ನೌಕರನೋ ಪೊಲೀಸ್ ಅಧಿಕಾರಿಯೋ ಕೈಜೋಡಿಸಿದ್ದರೆ ಉಸಿರಿರುವ ತನಕ ಜೈಲು.

ಶಿಕ್ಷೆಯಷ್ಟೇ ದೊಡ್ಡದು, ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಮಾತು ಆ ಸೆಕ್ಷನ್ನಿನಲ್ಲೇ ಇದೆ. ತೊಂದರೆಗೆ ಸಿಕ್ಕವರು ಒಪ್ಪಿದ್ದರೇ ಇಲ್ಲವೇ ಎಂಬುದು ಲೆಕ್ಕಕ್ಕಿಲ್ಲ. ‘ಅವಳೇ ಬ್ಯಾಗು ತುಂಬಿಕೊಂಡು ಹೋದಳು’, ‘ಮುಂಗಡ ಎಣಿಸಿಕೊಂಡಿದ್ದು ಅವನೇ ಅಲ್ಲವೇ’ ಎಂದು ಊರಿನ ಹಿರಿಯರಿಂದ ಹಿಡಿದು ಠಾಣೆಯ ತನಕ ಹೇಳುವ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಜೀತದ ಸಂಗತಿಯೂ ಹಾಗೆಯೇ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ಪ್ರಕಾರ ಜೀತದ ಸಾಲ ಸಾಲವೇ ಅಲ್ಲ, ಅದನ್ನು ತೀರಿಸಬೇಕಾಗಿಲ್ಲ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿಯುತ್ತಿದ್ದಾನೆಂದರೆ ಹಸಿವೇ ಅವನ ಮೇಲಿನ ಬಲವಂತ, ಅದೂ ಒತ್ತಾಯದ ದುಡಿಮೆಯೇ ಎಂದಿತು. ಬೇಲಿಯೂ ಬೀಗವೂ ಕಾಣಿಸದಿದ್ದ ಮಾತ್ರಕ್ಕೆ ಜೀತವಿಲ್ಲ ಎಂದುಕೊಳ್ಳುವಂತಿಲ್ಲ.

ಊರ ಕಾವಲು

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಹಿಳೆಯರ ಮತ್ತು ಮಕ್ಕಳ ಸಾಗಾಣಿಕೆ ತಡೆಗಟ್ಟುವ ಕಾವಲು ಸಮಿತಿ ಎಂಬುದೊಂದಿದೆ. ನಿಮ್ಮ ಪಂಚಾಯಿತಿಯಲ್ಲೂ ಇರಬೇಕು. ಅಧ್ಯಕ್ಷರ ಮುಂದಾಳತ್ವದಲ್ಲಿ ಅಂಗನವಾಡಿ ಕಾರ್ಯಕರ್ತೆ, ಆಶಾ, ಶಾಲೆಯ ಮುಖ್ಯಶಿಕ್ಷಕರು, ಸ್ವಸಹಾಯ ಸಂಘದ ಹೆಂಗಸರು ಸೇರಿ ಕುಳಿತು ಊರಿನ ಮಕ್ಕಳು, ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂದು ವಿಚಾರಿಸಬೇಕೆಂಬುದು ಇದರ ಉದ್ದೇಶ. ತಾಲ್ಲೂಕು, ಜಿಲ್ಲಾ ಮಟ್ಟದಲ್ಲೂ ಸಮಿತಿಗಳಿವೆ. ಇದರ ಜೊತೆಗೆ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಮಕ್ಕಳೇ ಎದ್ದು ನಿಂತು ‘ನಮ್ಮ ಕ್ಲಾಸಿನ ಇಬ್ಬರು ಮೂರು ತಿಂಗಳಿಂದ ಬಂದಿಲ್ಲ’ ಎಂದು ಹೇಳಬಹುದು.

ವ್ಯವಸ್ಥೆ ಚೆನ್ನಾಗಿದೆ. ಆದರೆ ಎಷ್ಟೋ ಕಡೆ ಕಾವಲು ಸಮಿತಿ ನಡಾವಳಿ ಪುಸ್ತಕದಲ್ಲಷ್ಟೇ ಬದುಕಿದೆ. ಜುಲೈ 30 ಮಾನವ ಕಳ್ಳಸಾಗಣೆ ವಿರೋಧಿ ದಿನ. ಅಂದು ಬ್ಯಾನರ್ ಕಟ್ಟಿ, ಪ್ರತಿಜ್ಞೆ ಬೋಧಿಸಿ, ಉಪ್ಪಿಟ್ಟು ಕೊಟ್ಟು ಕಳಿಸಿದರೆ ‘ತರಬೇತಿ’ ಮುಗಿಯಿತು. ಬಂದವರು ಸಹಿ ಹಾಕಿ ಹೋಗುತ್ತಾರೆ. ಮರುದಿನ ಊರಿಗೆ ಹೊಸ ಮೇಸ್ತ್ರಿ ಬಂದರೆ ಯಾರಿಗೆ ಫೋನು ಮಾಡಬೇಕೆಂಬುದು ಅವರಿಗೆ ಗೊತ್ತಿರುವುದಿಲ್ಲ. ಭಾಷಣದಿಂದ ಕೋಪ ಬರುತ್ತದೆ, ಕಣ್ಣೀರು ಬರುತ್ತದೆ, ಕೆಲಸ ಬರುವುದಿಲ್ಲ.

ಕೆಲಸ ಕಲಿಸುವ ತರಬೇತಿ ಬೇರೆ ಥರ ಇರುತ್ತದೆ.

ಯಾರ ಕಡೆಯವರು, ಎಲ್ಲಿಯವರು

ಅಂಗನವಾಡಿಯ ನೆಲದ ಮೇಲೆ ಜಮಖಾನೆ ಹಾಸಿ ಇಪ್ಪತ್ತು ಮೂವತ್ತು ಹೆಂಗಸರು ಕುಳಿತಿರುವ ಒಂದು ಬೈಠಕ್ ಊಹಿಸಿಕೊಳ್ಳಿ. ಹೇಳಿಕೊಡುವಾಕೆ ಪೋಸ್ಟರ್ ತೋರಿಸುವುದಿಲ್ಲ, ಸೆಕ್ಷನ್ ಓದುವುದಿಲ್ಲ. ಒಬ್ಬಳನ್ನು ಏಜೆಂಟ್ ಮಾಡುತ್ತಾಳೆ, ಇನ್ನೊಬ್ಬಳನ್ನು ಹದಿನಾರರ ಹುಡುಗಿಯ ತಾಯಿ ಮಾಡುತ್ತಾಳೆ. ಏಜೆಂಟ್ ಮಾತು ಶುರುಮಾಡುತ್ತಾಳೆ: ‘ಬೆಂಗಳೂರಾಗ ದೊಡ್ಡ ಮನಿ ಐತಿ ಯಕ್ಕಾ, ಎರಡು ಕೂಸು ನೋಡ್ಕೊಂಡ್ರ ಸಾಕು, ಊಟ ವಸ್ತಿ ಅವರದ, ತಿಂಗಳಿಗೆ ಹನ್ನೆರಡು ಸಾವಿರ ನಿಮ್ಮ ಅಕೌಂಟಿಗೇ.’ ತಾಯಿ ಮೊದಲು ಸಂಬಳದ ಬಗ್ಗೆ ಕೇಳುತ್ತಾಳೆ. ಆಮೇಲೆ ಹಬ್ಬಕ್ಕೆ ಕಳಿಸುತ್ತಾರೋ ಎಂದು ಕೇಳುತ್ತಾಳೆ. ಅಲ್ಲಿಗೆ ಮಾತು ಮುಗಿದು ಹೂಂ ಅಂದುಬಿಡುತ್ತಾಳೆ. ಸುತ್ತ ಕೂತವರು ನಗುತ್ತಾರೆ. ನಗುವಾಗಲೇ ಒಬ್ಬಿಬ್ಬರಿಗೆ ತಾವೂ ಹೀಗೇ ಹೂಂ ಅಂದದ್ದು ನೆನಪಾಗಿ ನಗು ನಿಲ್ಲುತ್ತದೆ.

ಆಗ ಪ್ರಶ್ನೆಗಳನ್ನು ಒಂದೊಂದಾಗಿ ಕಟ್ಟುತ್ತಾ ಹೋಗುತ್ತಾರೆ. ಮುಂಗಡ ಕೊಟ್ಟವನ ಪೂರ್ತಿ ಹೆಸರೇನು, ಊರು ಯಾವುದು? ಆಧಾರ್ ಕಾರ್ಡು ಯಾರ ಕೈಯಲ್ಲಿರುತ್ತದೆ? ಮನೆಯವರ ವಿಳಾಸ ಕೊಡು, ಅವರ ಜೊತೆ ವಿಡಿಯೊ ಕಾಲ್‌ನಲ್ಲಿ ಈಗಲೇ ಮಾತಾಡಿಸು. ಮೊದಲು ಕರೆದೊಯ್ದ ಹುಡುಗಿ ಯಾರು, ಅವಳ ಊರಿನ ಫೋನ್ ನಂಬರ್ ಕೊಡು. ಮಗಳ ಹತ್ತಿರ ಅವಳದೇ ಫೋನು ಇರುತ್ತದೋ ಇಲ್ಲವೋ? ನಾಳೆ ಬೇಡವೆನಿಸಿದರೆ ಮುಂಗಡ ವಾಪಸ್ ಕೊಟ್ಟು ಬಿಡಿಸಿಕೊಂಡು ಬರಬಹುದೋ? ನಿಜವಾಗಿ ಕೆಲಸ ಕೊಡಿಸುವವನಿಗೆ ಇವುಗಳಿಂದ ತೊಂದರೆಯಿಲ್ಲ. ಮೋಸಗಾರ ಎರಡನೇ ಪ್ರಶ್ನೆಗೇ ಸಿಡುಕುತ್ತಾನೆ, ‘ನಂಬಿಕೆ ಇಲ್ಲದಿದ್ದರೆ ಬೇರೆಯವರನ್ನು ನೋಡ್ಕೊತೀನಿ’ ಎನ್ನುತ್ತಾನೆ. ಆ ಸಿಡುಕನ್ನು ಗುರುತು ಹಿಡಿಯುವುದನ್ನೂ ಕಲಿಸುತ್ತಾರೆ.

ಮದುವೆಯ ಆಟವನ್ನೂ ಆಡಿಸುತ್ತಾರೆ. ವರದಕ್ಷಿಣೆ ಬೇಡ, ಖರ್ಚೆಲ್ಲ ನಮ್ಮದೇ, ಆದರೆ ಮೂರು ದಿನದಲ್ಲಿ ಮದುವೆ ಆಗಬೇಕು ಎಂದು ದೂರದ ರಾಜ್ಯದಿಂದ ಬರುವ ವರ. ಹೆಣ್ಣು ಹೆತ್ತ ಬಡವರಿಗೆ ಇದಕ್ಕಿಂತ ದೊಡ್ಡ ಆಮಿಷವಿಲ್ಲ. ಅವನ ಊರಿನ ಪಂಚಾಯಿತಿಗೆ ಫೋನು ಮಾಡಿ ವಿಚಾರಿಸುವುದು ಹೇಗೆ, ಹುಡುಗಿಗೆ 18 ತುಂಬದಿದ್ದರೆ ಯಾರಿಗೆ ತಿಳಿಸಬೇಕು ಎಂಬುದು ಅಲ್ಲೇ ಬಾಯಿಪಾಠವಾಗುತ್ತದೆ.

ಕಲಿಸುವುದರಲ್ಲಿ ಒಂದು ತಪ್ಪು ದಾರಿಯೂ ಇದೆ. ಅದರ ಬಗ್ಗೆ ನನಗೆ ತುಂಬ ಆತಂಕವಿದೆ. ಹುಡುಗಿಯರನ್ನು ಸಾಲಾಗಿ ಕೂರಿಸಿ, ಭೀಕರ ಚಿತ್ರಗಳನ್ನು ತೋರಿಸಿ, ಫೋನು ಮುಟ್ಟಬೇಡಿ, ಒಬ್ಬರೇ ಹೊರಗೆ ಹೋಗಬೇಡಿ ಎಂದು ಹೆದರಿಸಿ ಕಳಿಸುವ ‘ಜಾಗೃತಿ’. ಅದರಿಂದ ಮನೆಯವರಿಗೆ ಹೊಳೆಯುವ ಉಪಾಯ ಒಂದೇ: ಶಾಲೆ ಬಿಡಿಸಿ ಬೇಗ ಮದುವೆ ಮಾಡಿಬಿಡುವುದು. ಓದು ನಿಂತ, ಕೈಯಲ್ಲಿ ಕಾಸಿಲ್ಲದ, ಹೊರಗಿನ ಪರಿಚಯವಿಲ್ಲದ ಹುಡುಗಿಯೇ ಮೋಸಗಾರನಿಗೆ ಸುಲಭದ ತುತ್ತು. ದುಡಿಯಲು ಪರಊರಿಗೆ ಹೋಗುವುದು ಎಲ್ಲರ ಹಕ್ಕು. ಮಳೆ ಕೈಕೊಟ್ಟ ವರ್ಷ ಗುಳೆ ನಿಲ್ಲಿಸುತ್ತೇನೆಂದು ಹೊರಡುವವರು ಜನರ ಅನ್ನಕ್ಕೆ ಅಡ್ಡ ನಿಂತಂತೆ. ಹೋಗುವವರು ಎಲ್ಲಿಗೆ, ಯಾರ ಜೊತೆ, ಯಾವ ನಂಬರಿನ ಗಾಡಿಯಲ್ಲಿ ಹೋದರು ಎಂದು ಪಂಚಾಯಿತಿಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಸಾಕು. ಹದಿನೈದು ದಿನಕ್ಕೊಮ್ಮೆ ಆ ನಂಬರಿಗೆ ಒಂದು ಫೋನು ಮಾಡಿದರೆ ಇನ್ನೂ ಒಳ್ಳೆಯದು. ಹೆಸರು ಬರೆಯುತ್ತಾರೆಂದು ಗೊತ್ತಿರುವ ಊರಿಗೆ ಕಳ್ಳ ಮೇಸ್ತ್ರಿ ಬರಲು ಹಿಂದೆಮುಂದೆ ನೋಡುತ್ತಾನೆ.

ಮಗು ಕಾಣೆಯಾದಾಗ ಏನು ಮಾಡಬೇಕೆಂಬುದನ್ನೂ ಕಲಿಸಲೇಬೇಕು. ‘ಎಲ್ಲೋ ನೆಂಟರ ಮನೆಗೆ ಹೋಗಿರಬೇಕು, ಎರಡು ದಿನ ನೋಡಿ’ ಎಂದು ಠಾಣೆಯಲ್ಲಿ ಹೇಳಿ ಕಳಿಸುವಂತಿಲ್ಲ. ಬಚಪನ್ ಬಚಾವೋ ಆಂದೋಲನ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ: ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಬೇಕು, ಅಪಹರಣವೋ ಕಳ್ಳಸಾಗಣೆಯೋ ಆಗಿರಬಹುದೆಂದೇ ತನಿಖೆ ಆರಂಭಿಸಬೇಕು. 4 ತಿಂಗಳಾದರೂ ಪತ್ತೆಯಾಗದಿದ್ದರೆ ಪ್ರಕರಣ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಇಷ್ಟು ತಿಳಿದ ತಾಯಿಯೊಬ್ಬಳು ಠಾಣೆಯ ಮೆಟ್ಟಿಲು ಹತ್ತಿದರೆ ಅವಳನ್ನು ಸಾಗಹಾಕುವುದು ಸುಲಭವಲ್ಲ.

ಯಲ್ಲಮ್ಮನ ಗುಡ್ಡದಲ್ಲಿ

ಹೇಳಿಕೊಡುವವರು ಯಾರು ಎಂಬುದು ಹೇಳಿಕೊಡುವ ಪಾಠದಷ್ಟೇ ಮುಖ್ಯ. ಇದಕ್ಕೆ ಬೆಳಗಾವಿ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹುಡುಗಿಯರು ಬೆಳಗಾವಿ, ಬಾಗಲಕೋಟೆ ಕಡೆಯಿಂದ ಮುಂಬೈ, ಪುಣೆ, ಸಾಂಗ್ಲಿಯ ಕೆಂಪುದೀಪದ ಓಣಿಗಳಿಗೆ ಸೇರಿದ ಕಥೆ ಹಳೆಯದು. ದೇವರ ಹೆಸರಿನಲ್ಲಿ ಶುರುವಾದರೂ ಕೊನೆಗೆ ಅದು ಕಳ್ಳಸಾಗಣೆಯೇ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿತು. ತಂದೆ ತಾಯಿ ಅಥವಾ ಬಂಧುಗಳೇ ಸಮರ್ಪಿಸಿದರೆ 5 ವರ್ಷದವರೆಗೆ ಜೈಲು ಎಂದು ಅದು ಗೊತ್ತುಮಾಡಿತ್ತು. ಕಾಯ್ದೆ ಬಂದ ಮೇಲೆ ಗುಡಿಯ ಮುಂದೆ ನಡೆಯುತ್ತಿದ್ದುದು ಮನೆಯ ಒಳಕೋಣೆಗೆ, ಸಣ್ಣ ಗುಡಿಗಳಿಗೆ ಸರಿಯಿತು.

ಒಳಕೋಣೆಯ ಸಂಗತಿ ಪೊಲೀಸರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಆ ದಾರಿಯಲ್ಲಿ ನಡೆದು ಬಂದವರಿಗೆ. ಹಿಂದೆ ದೇವದಾಸಿಯರಾಗಿದ್ದ ಹೆಂಗಸರೇ ಸೇರಿ 1997ರಲ್ಲಿ ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ ಮಾಸ್, ಅಲ್ಲಿಂದಲೇ ಹೊರಟಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರನ್ನು ಏಳನೇ ವಯಸ್ಸಿನಲ್ಲೇ ದೇವಿಗೆ ಬಿಡಲಾಗಿತ್ತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇಂಥ ಹೆಂಗಸರ ಜಾಗೃತಿ ಕೆಲಸದಲ್ಲಿ ದೊಡ್ಡ ಮಾತುಗಳಿಲ್ಲ. ಹುಡುಗಿಯ ಕೂದಲು ಜಡೆಗಟ್ಟಿದರೆ ದೇವಿ ಕರೆದಳೆಂದು ನಂಬುವ ಮನೆಗೆ ಹೋಗಿ ಕೂರುತ್ತಾರೆ. ‘ಯವ್ವಾ, ನನಗೂ ಹಿಂಗ ಆಗಿತ್ತು, ನಮ್ಮವ್ವನೂ ನಿನ್ನಂಗ ಅಂಜಿದ್ಲು’ ಎಂದು ಶುರುಮಾಡುತ್ತಾರೆ. ತಿಂಗಳುಗಟ್ಟಲೆ ತಲೆ ತೊಳೆಯದೆ, ಬಾಚದೆ ಹೀಗಾಗಿದೆ ಎಂದು ತಿಳಿಹೇಳಿ, ಮನೆಯವರು ಒಪ್ಪಿದರೆ ಕತ್ತರಿ ಹಿಡಿದು ಜಡೆ ಬಿಡಿಸುತ್ತಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬರುತ್ತಾರೆ. ಆ ಜಂಗುಳಿಯಲ್ಲಿ ಹೊಸ ಹಸಿರು ಸೀರೆ ಉಟ್ಟ ಸಣ್ಣ ಹುಡುಗಿ ಎಲ್ಲಿ ನಿಂತಿದ್ದಾಳೆ, ಅವಳ ಸುತ್ತ ಯಾರಿದ್ದಾರೆ ಎಂಬುದನ್ನು ಅವರ ಕಣ್ಣು ಹಿಡಿಯುವಂತೆ ಬೇರೆಯವರ ಕಣ್ಣು ಹಿಡಿಯಲಾರದು.

ನೇಪಾಳದಲ್ಲೂ ಇದೇ ನಡೆದಿದೆ. 1996ರಲ್ಲಿ ಮುಂಬೈಯ ವೇಶ್ಯಾಗೃಹಗಳಿಂದ ಬಿಡಿಸಿ ತಂದ ಹುಡುಗಿಯರೇ ಕಠ್ಮಂಡುವಿನಲ್ಲಿ ಶಕ್ತಿ ಸಮೂಹ ಎಂಬ ಸಂಘಟನೆ ಕಟ್ಟಿದರು. 2013ರಲ್ಲಿ ಅದಕ್ಕೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ರೈಲು ನಿಲ್ಲುವ ಐದು ನಿಮಿಷ

ಊರಲ್ಲಿ ತಪ್ಪಿಸಿಕೊಂಡದ್ದು ದಾರಿಯಲ್ಲಿ ಸಿಗಬಹುದು. ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳದಿಂದ ಬೆಂಗಳೂರಿಗೆ ಬರುವ ರೈಲುಗಳಲ್ಲಿ ಕೆಲಸಕ್ಕೆಂದು ಕರೆತರುವ ಮಕ್ಕಳು ಸಿಗುವುದುಂಟು. ರೈಲ್ವೆ ರಕ್ಷಣಾ ಪಡೆ 2022ರಲ್ಲಿ ‘ಆಪರೇಷನ್ ಆಹ್ಟ್’ ಎಂಬ ಹೆಸರಿನಲ್ಲಿ ಇದಕ್ಕೆಂದೇ ಕಾರ್ಯಾಚರಣೆ ಆರಂಭಿಸಿತು. ಸಿಬ್ಬಂದಿಗೆ ತರಬೇತಿ ಕೊಡಲು ಸ್ವಯಂಸೇವಾ ಸಂಸ್ಥೆಯೊಂದಿಗೆ ಒಪ್ಪಂದವನ್ನೂ ಮಾಡಿಕೊಂಡಿತು. ಆದರೆ ಟಿಟಿಇ, ಚಹಾ ಮಾರುವವರು, ಕೂಲಿಗಳು, ಆಟೊ ಚಾಲಕರು ನೋಡುವಷ್ಟು ಮುಖಗಳನ್ನು ಯಾವ ಪಡೆಯೂ ನೋಡಲಾರದು. ಅದಕ್ಕೇ ಅವರಿಗೂ ಹೇಳಿಕೊಡಬೇಕು.

ನೋಡಬೇಕಾದ್ದು ಸಣ್ಣಪುಟ್ಟದ್ದು. ಏಳೆಂಟು ಹುಡುಗರ ಟಿಕೆಟ್ಟು, ಆಧಾರ್ ಎಲ್ಲವೂ ಒಬ್ಬನ ಜೇಬಿನಲ್ಲಿ. ಯಾರನ್ನು ಮಾತಾಡಿಸಿದರೂ ಹುಡುಗರು ಮೊದಲು ಅವನ ಮುಖ ನೋಡುತ್ತಾರೆ. ವಯಸ್ಸು ಕೇಳಿದರೆ ಎಲ್ಲರೂ ಒಂದೇ ದನಿಯಲ್ಲಿ ‘ಹದಿನೆಂಟು’. ಮಾಮ ಎಂದು ಹೇಳಿದವನ ಹೆಸರೇ ಹುಡುಗನಿಗೆ ಗೊತ್ತಿಲ್ಲ.

ಇಂಥದ್ದು ಕಂಡಾಗ ಮಾಡಬಾರದ್ದನ್ನು ಮೊದಲು ಕಲಿಸುತ್ತಾರೆ. ಕೂಗಾಡಬಾರದು, ಕರೆತಂದವನ ಎದುರಿಗೆ ಮಗುವನ್ನು ಪ್ರಶ್ನಿಸಬಾರದು, ಮೊಬೈಲಿನಲ್ಲಿ ವಿಡಿಯೊ ಮಾಡಿ ಹಂಚಬಾರದು. ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಗೆ 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಗುಂಪು ಸೇರಿ ಅಮಾಯಕನೊಬ್ಬನನ್ನು ಕೊಂದದ್ದು ನಾಡು ಮರೆಯಬಾರದ ಘಟನೆ. ಅನುಮಾನ ಬಂದರೆ ರೈಲಿನಲ್ಲಿ 139, ಮಗುವಿನ ವಿಷಯಕ್ಕೆ ಎಲ್ಲಿಂದಲಾದರೂ 1098, ತುರ್ತಾದರೆ 112. ಬೋಗಿ ಸಂಖ್ಯೆ, ಮುಂದಿನ ನಿಲ್ದಾಣ ಹೇಳಿದರೆ ಸಾಕು. ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.

ಓದಿದವರಿಗೂ ಬಲೆ

ಇದು ಬಡವರ, ಓದದವರ ಸಮಸ್ಯೆ ಎಂಬ ಭ್ರಮೆ ಈಚೆಗೆ ಒಡೆದಿದೆ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸವೆಂದು ಹೋದ ಭಾರತದ ಯುವಕರನ್ನು ಗಡಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಡ್ಡಿಯ ಕಾವಲಿರುವ ಕಟ್ಟಡಗಳಲ್ಲಿ ಕೂಡಿಹಾಕಿ, ಆನ್‌ಲೈನ್ ವಂಚನೆಗೆ ಹಚ್ಚಿದರು. 2025ರ ಮಾರ್ಚ್‌ನಲ್ಲಿ ಎರಡೇ ದಿನದಲ್ಲಿ 549 ಭಾರತೀಯರನ್ನು ವಾಯುಪಡೆಯ ವಿಮಾನಗಳು ಕರೆತಂದವು. ಅದಕ್ಕೂ ಹಿಂದೆ, ರಷ್ಯಾದಲ್ಲಿ ಸೆಕ್ಯೂರಿಟಿ ಕೆಲಸವೆಂದು ನಂಬಿ ಹೋದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನ್ ಯುದ್ಧದ ಗಡಿಗೆ ಬಿದ್ದಿದ್ದರು. 2024ರಲ್ಲಿ ಅವರು ಮನೆಗೆ ಮರಳಿದರು.

ಪದವಿ ಕಾಲೇಜಿನಲ್ಲಿ ಕಲಿಸಬೇಕಾದ ಪ್ರಶ್ನೆಗಳೂ ಅಂಗನವಾಡಿಯವೇ, ರೂಪ ಬೇರೆ. ಕೊಟ್ಟಿರುವುದು ಕೆಲಸದ ವೀಸಾವೋ ಪ್ರವಾಸಿ ವೀಸಾವೋ? ಏಜೆನ್ಸಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ? ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವನು ಅಲ್ಲೇ ಸಿಕ್ಕಿಬೀಳುತ್ತಾನೆ.

ಬಿಡಿಸಿ ತಂದ ಮೇಲೆ

ಅಧಿಕಾರಿಗಳಿಗೂ ತರಬೇತಿ ಬೇಕು. ಇಟ್ಟಿಗೆ ಗೂಡಿಗೆ ತಪಾಸಣೆಗೆ ಹೋದ ಅಧಿಕಾರಿ ಮಾಲೀಕನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ‘ನಿಮಗೇನಾದರೂ ತೊಂದರೆ ಇದೆಯೇನಪ್ಪಾ’ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಗಂಡ ಹೆಂಡಿರನ್ನು ಬೇರೆ ಬೇರೆ ಕೂರಿಸಿ, ಅವರ ಭಾಷೆ ಬಲ್ಲವರನ್ನು ಜೊತೆಗಿಟ್ಟುಕೊಂಡು ಕೇಳಬೇಕು. ‘ಜೀತ ಇದ್ದೀರಾ’ ಎಂದು ಕೇಳಿ ಪ್ರಯೋಜನವಿಲ್ಲ. ಕಳೆದ ಸಂತೆಗೆ ಯಾರು ಹೋಗಿದ್ದರು, ಅಪ್ಪ ತೀರಿಕೊಂಡಾಗ ಊರಿಗೆ ಬಿಟ್ಟರೇ, ವಾರಕ್ಕೆ ಕೈಗೆ ಬರುವ ಖರ್ಚಿ ಎಷ್ಟು ಎಂದು ಕೇಳಬೇಕು. ಉತ್ತರ ಅದರಲ್ಲಿರುತ್ತದೆ. ರಾಜ್ಯದಲ್ಲಿ ಕಿರಣ್ ಕಮಲ್ ಪ್ರಸಾದ್ ಕಟ್ಟಿದ ಜೀವಿಕ, ಅಂದರೆ ಜೀತ ವಿಮುಕ್ತಿ ಕರ್ನಾಟಕ, ಆನೇಕಲ್‌ನಂಥ ತಾಲ್ಲೂಕುಗಳಲ್ಲಿ ಜೀತದಿಂದ ಬಿಡುಗಡೆಯಾದವರನ್ನೇ ಸಂಘಟಿಸಿತು. ಯಾರ ಮನೆಯಲ್ಲಿ ಯಾರ ಮಗ ಜೀತಕ್ಕಿದ್ದಾನೆಂದು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ.

ಬಿಡಿಸಿದ ದಿನವೇ ಉಪವಿಭಾಗಾಧಿಕಾರಿಯಿಂದ ಬಿಡುಗಡೆ ಪತ್ರ ಸಿಗಬೇಕು. ಅದಿಲ್ಲದೆ ಬಸ್ ಹತ್ತಿಸಿ ಊರಿಗೆ ಕಳಿಸಿದರೆ ಹಳೆಯ ಸಾಲ ಹಾಗೇ ತಲೆಯ ಮೇಲಿರುತ್ತದೆ, ಪುನರ್ವಸತಿಯ ಹಣವೂ ಬರುವುದಿಲ್ಲ. ಕೇಂದ್ರದ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ. ನಂತರದ ಪುನರ್ವಸತಿಗೆ ಗಂಡಸರಿಗೆ 1 ಲಕ್ಷ, ಹೆಂಗಸರು ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆ, ಲೈಂಗಿಕ ಶೋಷಣೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ. ಇದರ ದೊಡ್ಡ ಭಾಗವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಜೋಡಿಸಿದ್ದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ಸಾಕ್ಷಿ ಹೇಳಬೇಕಾದವರು ಹೊಟ್ಟೆಪಾಡಿಗೆ ಇನ್ನೊಂದು ಊರಿಗೆ ಹೋಗಿರುತ್ತಾರೆ.

ಆ ಮೊಕದ್ದಮೆಯಲ್ಲಿ ಅವರ ಪರ ನಿಲ್ಲುವ ವಕೀಲರಿಗೆ ದುಡ್ಡು ಕೊಡಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್, ಮಾನವ ಕಳ್ಳಸಾಗಣೆಗೂ ಬಿಟ್ಟಿ ದುಡಿಮೆಗೂ ಬಲಿಯಾದವರನ್ನು ಹೆಸರಿಸಿಯೇ ಉಚಿತ ಕಾನೂನು ನೆರವಿನ ಹಕ್ಕು ಕೊಟ್ಟಿದೆ. ವರಮಾನದ ಪ್ರಮಾಣಪತ್ರ ಕೇಳುವಂತಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯ ಕಚೇರಿಯಲ್ಲಿ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಸಾಕು. ಬರೆಯಲು ಬಾರದಿದ್ದರೆ ಅಲ್ಲಿನ ಸಿಬ್ಬಂದಿ ಬರೆದುಕೊಳ್ಳಬೇಕು.